ಬೀಗರ ಮೋಡದ ಲೆಕ್ಕ

ಹೆಣ್ಣು ನೋಡಲು ಬಂದವರು ಏನೇನು ಕೇಳುತ್ತಾರೆ ಎಂಬುದು ಹೆಣ್ಣು ಹೆತ್ತವರಿಗೆಲ್ಲ ಬಾಯಿಪಾಠ. ಎಷ್ಟು ಓದಿದ್ದಾಳೆ, ರೊಟ್ಟಿ ಬಡಿಯಲು ಬರುತ್ತದೆಯೇ, ಹೊಲಮನೆಗೆ ಹೊಂದಿಕೊಂಡಾಳೇ, ಹೀಗೆ. ನಮ್ಮ ಬೀಗರು ಇದ್ಯಾವುದನ್ನೂ ಕೇಳಲಿಲ್ಲ. ನನ್ನ ಮಗಳು ದಿನಕ್ಕೆ ಎಷ್ಟು ಕರೆಂಟು ತಿನ್ನುತ್ತಾಳೆ ಎಂದು ಕೇಳಿದರು!

ಅಣ್ಣಿಗೇರಿಯಲ್ಲಿ ನನ್ನದೊಂದು ಅರಿವೆ ಅಂಗಡಿ, ಅದರ ಹಿಂದೆಯೇ ಮನೆ. ಅಂದು ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಹುಡುಗ, ಅವನ ತಾಯಿ, ತಂದೆ ಕುಳಿತಿದ್ದರು. ಅವಲಕ್ಕಿ ತಿಂದದ್ದಾಯಿತು, ಚಹಾ ಬಂತು. ಹುಡುಗನ ತಂದೆ ಬಸಿಗೆ ಚಹಾ ಸುರುವಿಕೊಂಡು, ಎರಡು ಸಲ ಊದಿ, ಅಗದಿ ಗಂಭೀರವಾಗಿ ಕೇಳಿದರು: "ಹುಡುಗಿ ತಲಿ ಒಣಗಸಾಕ ಮಷೀನ್ ಹಚ್ಚತಾಳೇನ್ರಿ?"

ನಾನು ನನ್ನ ಹೆಂಡತಿಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದಳು. ಇಪ್ಪತ್ತೈದು ವರ್ಷ ಅಂಗಡಿಯಲ್ಲಿ ಕುಳಿತರೂ ಯಾವ ಗಿರಾಕಿಯೂ ನನಗೆ ಇಂಥ ಪ್ರಶ್ನೆ ಹಾಕಿರಲಿಲ್ಲ. ಅವರು ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. ಇಸ್ತ್ರಿ ದಿನಾ ಮಾಡುತ್ತಾಳೋ ವಾರಕ್ಕೊಮ್ಮೆಯೋ, ಮಲಗುವಾಗ ಫ್ಯಾನು ಬೇಕೇ ಬೇಕೋ ಅಥವಾ ಕಿಡಕಿ ತೆರೆದರೆ ನಡೆಯುತ್ತದೋ, ನೀರು ಕಾಯಿಸುವುದು ಒಲೆಯ ಮೇಲೋ ಕರೆಂಟಿನ ಮೇಲೋ, ಎಲ್ಲವನ್ನೂ ವಿಚಾರಿಸಿದರು. ನನ್ನ ಹೆಂಡತಿಗೆ ಇದರ ಒಳಗುಟ್ಟು ತಿಳಿದೇ ಹೋಯಿತು. ಹಿರಿಯರು ಬಾಯಿ ಬಿಟ್ಟು ಹೇಳದೆ ಸುತ್ತು ಬಳಸಿ ಸಾಮಾನು ಕೇಳುತ್ತಿದ್ದಾರೆ! ಆಕೆ ಮುಂದೆ ಬಂದು, ಮನಸ್ಸಿನಲ್ಲಿ ಏನಿದೆಯೋ ಹೇಳಿಬಿಡಿ, ಫ್ರಿಜ್ಜೋ ವಾಷಿಂಗ್ ಮಷೀನೋ, ನಮ್ಮ ಕೈಲಾದಷ್ಟು ಮಾಡುತ್ತೇವೆ ಎಂದಳು.

ಅವರು ಬಸಿ ಕೆಳಗಿಟ್ಟು ಎರಡೂ ಕೈ ಮುಗಿದರು. "ಅವ್ವಾರ, ನಿಮ್ಮ ಕಾಲಿಗೆ ಬೀಳತೇನ್ರಿ, ಏನೂ ಕೊಡಬ್ಯಾಡ್ರಿ. ಅದರಾಗೂ ಫ್ರಿಜ್ಜಂತೂ ಬ್ಯಾಡಾ ಬ್ಯಾಡ."

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ನನ್ನ ಮಗಳು, ತಾನು ತಲೆ ಒಣಗಿಸುವುದು ಮಾಳಿಗೆಯ ಮೇಲೆ ಬಿಸಿಲಲ್ಲಿ ಎಂದು ಬಾಗಿಲಲ್ಲಿ ನಿಂತೇ ಹೇಳಿದಳು. ಹುಡುಗನ ತಂದೆಯ ಮುಖ ಅರಳಿತು. ಮಗನ ಕಡೆ ತಿರುಗಿ, ಹುಡುಗಿ ನಮ್ಮ ಮನೆಗೆ ಹೇಳಿ ಮಾಡಿಸಿದಂತಿದ್ದಾಳೆ ಎಂದರು. ಪಾಪ, ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಅವನು ಹುಡುಗಿಯನ್ನು ಇನ್ನೂ ಸರಿಯಾಗಿ ನೋಡಿರಲೇ ಇಲ್ಲ. ಸಂಬಂಧ ಕೂಡಿದ್ದು ಹೀಗೆ.

ಅವರ ಮನೆ ಇರುವುದು ಶಲವಡಿಯಿಂದಾಚೆ, ಹಳ್ಳ ದಾಟಿದ ಮೇಲೆ, ನಡು ಹೊಲದಲ್ಲಿ. ಕರೆಂಟಿನ ಕೊನೆಯ ಕಂಬ ಊರಂಚಿಗೇ ನಿಂತುಬಿಟ್ಟಿದೆ. ಮುಂದೆ ಬರಬೇಕಾದರೆ ಹತ್ತಾರು ಮಂದಿಯ ಹೊಲದಲ್ಲಿ ಕಂಬ ನೆಡಬೇಕು, ಹತ್ತಾರು ಮಂದಿಯೂ ಒಪ್ಪಬೇಕು. ಒಪ್ಪಿದರೂ ಆ ಕಪ್ಪು ಎರಿ ಮಣ್ಣಿನಲ್ಲಿ ಕಂಬ ನೆಟ್ಟಗೆ ನಿಂತದ್ದು ಯಾರು ಕಂಡಿದ್ದಾರೆ? ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಕಂಬಗಳು ಒಂದಕ್ಕೊಂದು ನಮಸ್ಕಾರ ಮಾಡಿಕೊಂಡು ನಿಲ್ಲುತ್ತವೆ. ಬೀಗರು ಅರ್ಜಿ ಕೊಟ್ಟು ಕೊಟ್ಟು ಬೇಸತ್ತು, ನಿಮ್ಮ ಕರೆಂಟೂ ಬೇಡ ನಿಮ್ಮ ಕಂಬವೂ ಬೇಡ ಎಂದು ಸೋಲಾರಿಗೆ ಬಿದ್ದರು. ಮಾಳಿಗೆಯ ಮೇಲೆ ಬಿಸಿಲು ಹಿಡಿಯುವ ಪ್ಲೇಟುಗಳು, ಕೆಳಗೊಂದು ಖೋಲಿಯಲ್ಲಿ ಬ್ಯಾಟರಿಗಳು, ಅಂಗಳದ ತಗಡಿನ ಚಪ್ಪರದಲ್ಲಿ ಒಂದು ಡೀಸೆಲ್ ಜನರೇಟರು. ಪ್ಲೇಟು ದುಡಿದು ತರುವ ಗಂಡಸು, ಬ್ಯಾಟರಿ ಕೂಡಿಡುವ ಹೆಂಗಸು, ಜನರೇಟರು ಅಡಚಣೆಗೆ ಕರೆಸಿಕೊಳ್ಳುವ ನೆಂಟ. ಇಷ್ಟೇ ಅವರ ಸಂಸಾರ. ಆ ಸಂಸಾರಕ್ಕೆ ನನ್ನ ಮಗಳು ಸೊಸೆಯಾಗಿ ಹೋದಳು.

ಮದುವೆಯ ದಿನ ಬಂದವರೆಲ್ಲ ಬೀಗರ ಮಾತನ್ನು ಮರೆತರೋ, ಮರೆತಂತೆ ಮಾಡಿದರೋ ಗೊತ್ತಿಲ್ಲ. ನಮ್ಮ ಬಳಗದಿಂದ ಮಿಕ್ಸರುಗಳೇ ಮೂರು ಬಂದವು. ಇಸ್ತ್ರಿ ಪೆಟ್ಟಿಗೆ ಬಂತು, ನೀರು ಕಾಯಿಸುವ ಸಾಧನ ಬಂತು, ಬ್ರೆಡ್ಡು ಸುಡುವ ಪೆಟ್ಟಿಗೆಯೂ ಬಂತು. ವೇದಿಕೆಯ ಬಾಜೂಕ್ಕೆ ನಿಂತ ಬೀಗರು ಒಂದೊಂದೇ ಡಬ್ಬಿಯ ಮೇಲಿನ ಅಕ್ಷರ ಓದುತ್ತಿದ್ದರು, ಓದಿದಂತೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಯಾರೋ ಒಂದು ಹಿತ್ತಾಳೆ ಕೊಡ ಕೊಟ್ಟಾಗ, ಕೊಟ್ಟವರ ಕೈ ಹಿಡಿದು ಎಷ್ಟೋ ಹೊತ್ತು ಬಿಡಲೇ ಇಲ್ಲ.

ಆ ಶ್ರಾವಣದಲ್ಲಿ ಪಂಚಮಿಗೆ ಮಗಳನ್ನು ಕರೆತರಲು ನಾನೇ ಹೋದೆ. ಮೋಡ ಕವಿದಿತ್ತು, ಜಿಟಿಜಿಟಿ ಮಳೆ. ಹೊಲದ ದಾರಿಯಲ್ಲಿ ನನ್ನ ಒಂದೊಂದು ಚಪ್ಪಲಿಗೂ ಒಂದೊಂದು ಸೇರಿನಷ್ಟು ಮಣ್ಣು ಮೆತ್ತಿಕೊಂಡು, ನಾನು ಮನೆ ಮುಟ್ಟುವಾಗ ನಾಲ್ಕು ಬೆರಳು ಎತ್ತರವಾಗಿದ್ದೆ. ಬೀಗರು ಕಾಲಿಗೆ ನೀರು ಕೊಟ್ಟರು, ಕುಶಲ ಕೇಳಿದರು, ನೀರು ಕುಡಿಯುವ ಮೊದಲೇ ಬ್ಯಾಟರಿ ಖೋಲಿಗೆ ಕರೆದೊಯ್ದರು. ಹೊಸ್ತಿಲ ಹೊರಗೆ ನಿಂತು ಕೈಕಾಲು ಒರೆಸಿಕೊಂಡೇ ಒಳಗೆ ಹೋಗಬೇಕು. ಒಳಗೆ ಸಾಲಾಗಿ, ಎತ್ತುಗಳನ್ನು ಕಟ್ಟಿದ ಹಾಗೆ, ಬ್ಯಾಟರಿಗಳು. ಬೀಗರು ಒಂದರ ಬೆನ್ನು ಸವರಿ ತಮ್ಮ ಶಾಸ್ತ್ರವನ್ನು ನನಗೆ ತಿಳಿಸಿದರು.

ಬ್ಯಾಟರಿ ಎಷ್ಟು ಬೇಕೆಂಬುದನ್ನು ಬಿಸಿಲು ನೋಡಿ ಗೊತ್ತು ಮಾಡಬಾರದಂತೆ, ಮೋಡ ನೋಡಿ ಗೊತ್ತು ಮಾಡಬೇಕಂತೆ. ಸೂರ್ಯ ಮುಖ ತೋರಿಸದಿದ್ದರೆ ಎಷ್ಟು ದಿನ ತಳ್ಳಬೇಕು ಎಂದು ಮೊದಲು ಕೇಳಿಕೊಳ್ಳಬೇಕು. ಅಷ್ಟು ದಿನ ಮನೆಮಂದಿ ತಿನ್ನುವ ಕರೆಂಟು ಒಳಗೆ ಕೂಡಿರಬೇಕು. ಅದರ ಮೇಲೆ ಇನ್ನೂ ಅಷ್ಟೇ ಕೂಡಿರಬೇಕು, ಯಾಕೆಂದರೆ ಈ ಜಾತಿಯ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಇಷ್ಟು ಹೇಳಿ ಅವರು, ನಾನು ಎರಡು ಮೋಡದ ದಿನಕ್ಕೆ ಇಟ್ಟಿದ್ದೇನೆ ಎಂದರು. ನನಗೆ ಅರ್ಥವಾಯಿತು. ನನಗೆ ಅರ್ಥವಾಗದ್ದು, ಆ ಅರ್ಧದ ನೇಮವನ್ನು ಮನುಷ್ಯ ತನ್ನ ಇಡೀ ಬಾಳಿಗೆ ಯಾಕೆ ಹಚ್ಚಿಕೊಳ್ಳಬೇಕು ಎಂಬುದು! ಅವರ ಮೋಟರ್ ಸೈಕಲ್ಲಿನ ಪೆಟ್ರೋಲ್ ಟಾಕಿ ಅರ್ಧಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಕುಡಿಯುವ ನೀರಿನ ಕೊಡ ಅರ್ಧವಾದರೆ ಎದ್ದು ಹೋಗಿ ತುಂಬುತ್ತಾರೆ. ಊಟಕ್ಕೆ ಕುಳಿತಾಗ ನನ್ನ ತಾಟಿನಲ್ಲಿ ಝುಣಕ ಅರ್ಧಕ್ಕೆ ಬಂದದ್ದೇ ತಡ, ಅವರು ಬೀಗತಿಯ ಕಡೆ ಕಣ್ಣು ಮಾಡಿದರು, ಮತ್ತೆ ಬಿತ್ತು. ಮತ್ತೆ ಅರ್ಧ, ಮತ್ತೆ ಝುಣಕ. ಎದ್ದಾಗ ನಾನು ಮಾತ್ರ ಪೂರ್ತಿ ತುಂಬಿದ್ದೆ.

ಮಲಗುವ ಮೊದಲು ನಾನು ಫೋನನ್ನು ಗೋಡೆಯ ಪ್ಲಗ್ಗಿಗೆ ಸಿಗಿಸಿದ್ದೆ. ಬೆಳಿಗ್ಗೆ ನೋಡಿದರೆ ಅದು ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಸತ್ತು ಮಲಗಿತ್ತು. ಚಾರ್ಜ್ ಆಗಲೇ ಇಲ್ಲವಲ್ಲ ಎಂದರೆ ಬೀಗರು ಶಾಂತವಾಗಿ ಹೇಳಿದರು: "ಸೂರ್ಯ ಈಗ ಎದ್ದಾನ್ರಿ, ಈಗ ಹಚ್ಚರಿ. ರಾತ್ರಿ ನೀವು ಮಲಗಿದ ಮ್ಯಾಲೆ ಅದಕ್ಕರ ಏನು ಕೆಲಸ ಇತ್ತು?"

ನಾನು ಫೋನನ್ನು ಮತ್ತೆ ಪ್ಲಗ್ಗಿಗೆ ಸಿಗಿಸಿದೆ. ನೀವಾದರೂ ಇದಕ್ಕೆ ಏನು ಅನ್ನುತ್ತಿದ್ದಿರಿ?

ಆದರೆ ಮನುಷ್ಯ ಜಿಪುಣನಲ್ಲ, ಅದನ್ನು ಒಪ್ಪಬೇಕು. ಸೂರ್ಯ ನೆತ್ತಿಗೆ ಬಂದನೆಂದರೆ ಅವರಂಥ ಉದಾರಿ ಇಲ್ಲ. ನಡು ಮಧ್ಯಾಹ್ನ ಮನೆಯಲ್ಲೆಲ್ಲ ಓಡಾಡಿ, ಏನಾದರೂ ಹಚ್ಚಿಕೊಳ್ಳಿರಿ, ಬ್ಯಾಟರಿ ತುಂಬಿದೆ, ಬಿಸಿಲು ಸುಮ್ಮನೆ ಹಾಳಾಗುತ್ತದೆ ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಮಗಳು ಆ ಹೊತ್ತಿಗೆ ಖಾರ ಕುಟ್ಟಿಸಬೇಕು, ಶೇಂಗಾ ಹಿಂಡಿ ಮಾಡಬೇಕು, ಬಟ್ಟೆ ಇಸ್ತ್ರಿ ಮಾಡಬೇಕು. ಇಸ್ತ್ರಿ ಮಾಡಲು ಬಟ್ಟೆ ಉಳಿದಿಲ್ಲ ಎಂದರೆ ತಮ್ಮ ರುಮಾಲು ಬಿಚ್ಚಿ ಕೊಡುತ್ತಿದ್ದರು. ಅವಳು ಫೋನಿನಲ್ಲಿ ಇದನ್ನೆಲ್ಲ ಹೇಳಿ ನಗುತ್ತಿದ್ದಳು. ಮಗಳು ನಗುತ್ತಿದ್ದಾಳೆ ಎಂದರೆ ತಂದೆಗೆ ಇನ್ನೇನು ಬೇಕು? ನಾವೂ ನಗುತ್ತಿದ್ದೆವು.

ಬೀಗರ ಸಿಟ್ಟೆಲ್ಲ ಆ ಜನರೇಟರಿನ ಮೇಲೆ. ಅದರದೊಂದು ಕಥೆಯೇ ಇದೆ. ಅದನ್ನು ಅವರು ಕೊಂಡದ್ದು ಗುಡಗೇರಿ ಕಡೆಯ ಒಬ್ಬ ಶಾಮಿಯಾನದವನಿಂದ. ಸುತ್ತಲ ಹಳ್ಳಿಗಳ ಅದೆಷ್ಟು ಮದುವೆಗಳಲ್ಲಿ, ಸೀಮಂತಗಳಲ್ಲಿ ಅದು ದುಡಿದಿತ್ತೋ ಏನೋ, ಅದರ ಸದ್ದು ಆ ಭಾಗದ ಜನಕ್ಕೆಲ್ಲ ಪರಿಚಯ. ಡಗ್ ಡಗ್ ಡಗ್, ನಡುವೆ ಒಂದು ಬಿಕ್ಕು, ಮತ್ತೆ ಡಗ್ ಡಗ್. ಆ ಬಿಕ್ಕು ಕೇಳಿದರೆ ಸಾಕು, ಎಲ್ಲೋ ಪಂಕ್ತಿ ಕುಳಿತಿದೆ ಎಂದು ಜನ ತಿಳಿಯುತ್ತಿದ್ದರು. ಮದುವೆಯಾದ ಮೊದಲ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಬ್ಯಾಟರಿ ಅರ್ಧಕ್ಕೆ ಬಂದದ್ದರಿಂದ ಬೀಗರು ನಿರ್ವಾಹವಿಲ್ಲದೆ ಅದನ್ನು ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ಬಾಜೂ ಹೊಲದ ಮುದುಕರೊಬ್ಬರು ಇಸ್ತ್ರಿ ಮಾಡಿದ ಧೋತರ ಉಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡು ಅಂಗಳಕ್ಕೆ ಬಂದು, ಏನು ಕಾರ್ಯ, ನಮಗೆ ಹೇಳಲೇ ಇಲ್ಲವಲ್ಲ ಎಂದು ಮುನಿಸಿನಿಂದ ಕೇಳಿದರು. ಕಾರ್ಯವೇನೂ ಇಲ್ಲ ಎಂದರೆ ನಂಬಲಿಲ್ಲ. ಬೀಗತಿ ಒಲೆ ಹಚ್ಚಿ ಶಿರಾ ಮಾಡಿ ಹಾಕಿದ ಮೇಲೆಯೇ ಅವರು ಎದ್ದದ್ದು. ಅಂದಿನಿಂದ ಬೀಗರು ಅದಕ್ಕೆ ಗೋಣಿತಟ್ಟು ಹೊದಿಸಿಬಿಟ್ಟರು. ಯಾಕೆ ಅದನ್ನು ಹಚ್ಚುವುದಿಲ್ಲ ಎಂದು ಯಾರು ಕೇಳಿದರೂ ಒಂದೇ ಮಾತು: "ಅದನ್ನ ಚಾಲೂ ಮಾಡಿದ್ರ ಊರಿಗೆಲ್ಲಾ ಊಟಾ ಹಾಕಬೇಕಾಗತೈತ್ರಿ." ನಾವೆಲ್ಲ ಅದನ್ನೇ ನಂಬಿದೆವು.

ಜನರೇಟರು ಬೇಡವೆಂದ ಮೇಲೆ ಉಳಿದದ್ದು ಬ್ಯಾಟರಿ. ಎರಡು ಮೋಡದ ದಿನ ಎಂದು ಇಟ್ಟಿದ್ದರಲ್ಲ, ಆ ಶ್ರಾವಣ ನಾಲ್ಕು ದಿನ ಮೋಡ ಹಿಡಿಯಿತು. ಬೀಗರು ಹುಬ್ಬಳ್ಳಿಗೆ ಹೋಗಿ ಇನ್ನಷ್ಟು ಬ್ಯಾಟರಿ ತಂದು ನಾಲ್ಕು ದಿನಕ್ಕೆ ಮಾಡಿದರು. ಮರುವರ್ಷ ವಾರಗಟ್ಟಲೆ ಸೂರ್ಯ ಕಾಣಲಿಲ್ಲ. ಮತ್ತೆ ಹುಬ್ಬಳ್ಳಿ, ಮತ್ತೆ ಬ್ಯಾಟರಿ, ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ತಂದಂತೆ ತಂದರು. ಖೋಲಿ ಸಾಲದೆ ಜೋಳದ ಚೀಲಗಳು ಪಡಸಾಲೆಗೆ ಬಂದವು. ಪ್ಲೇಟುಗಳು ಮಾತ್ರ ಇದ್ದಷ್ಟೇ. ಮೋಡದಲ್ಲಿ ಪ್ಲೇಟು ಎಷ್ಟಿದ್ದರೇನು ಎಂಬುದು ಅವರ ವಾದ. ಹೀಗಾಗಿ ಚಳಿಗಾಲದ ಬಿಳಿ ಬಿಸಿಲಿನಲ್ಲೂ ಆ ದೊಡ್ಡ ಸಂಸಾರದ ಹೊಟ್ಟೆ ತುಂಬದಾಯಿತು. ತುಂಬದ ಬ್ಯಾಟರಿ ಸೊರಗುತ್ತದೆ. ಸೊರಗಿದವುಗಳ ಜೊತೆ ಕಟ್ಟಿದ ಹೊಸವೂ ಸೊರಗತೊಡಗಿದವು. ಮಾರಿದ ಅಂಗಡಿಯವನೇ ಬೇಡವೆಂದನಂತೆ. ತನ್ನ ಸರಕನ್ನು ಬೇಡವೆನ್ನುವ ಅಂಗಡಿಯವನನ್ನು ನಾನಂತೂ ಕಂಡಿಲ್ಲ, ನಾನೂ ಅಂಗಡಿಯವನೇ. ಬೀಗರು ಕೇಳಲಿಲ್ಲ.

ಮೂರನೆಯ ಮಳೆಗಾಲದಲ್ಲಿ ಅವರ ಮನೆಯ ದೀಪಗಳು ಊಟದ ಹೊತ್ತಿಗೇ ಕೆಂಪಗಾಗಿ ಕಣ್ಣು ಮುಚ್ಚತೊಡಗಿದವು. ಖೋಲಿ ತುಂಬ ಬ್ಯಾಟರಿ, ಮನೆ ತುಂಬ ಕತ್ತಲೆ. ಆಗ ನನ್ನ ಮಗಳು ಬಾಯಿ ತೆರೆದಳು. ಅವಳು ಅರಿವೆ ಅಂಗಡಿಯಲ್ಲಿ ಆಡಿ ಬೆಳೆದವಳು, ಕತ್ತರಿಯ ಬಾಜೂಕ್ಕೇ ಬೆಳೆದವಳು. ಬಾಜೂ ಹೊಲದ ಮುದುಕರು, ಇನ್ನಿಬ್ಬರು ನೆಂಟರು ಕುಳಿತಿರುವಾಗಲೇ ಮಾವನಿಗೆ ಹೇಳಿಬಿಟ್ಟಳು: "ಅಂಗಿ ದೊಡ್ಡದು ಹೊಲಿಸಿದ್ರ ಮೈ ತುಂಬತೈತೇನ್ರಿ ಮಾವಾರ? ನಮಗಿರೂ ಬಿಸಲಿನ ಅಳತಿ ಇಷ್ಟು. ಅದಕ್ಕ ತಕ್ಕಷ್ಟು ಬ್ಯಾಟ್ರಿ ಇಟಗೊಂಡು, ಸೂರ್ಯ ಬರದಿದ್ದ ದಿನ ಜನರೇಟರ್ ಹಚ್ಚೂಣು. ಮನ್ಯಾಗ ಇದ್ದದ್ದನ್ನ ಯಾಕ ಮುಚ್ಚಿ ಇಡಬೇಕು?"

 ಬೀಗರು ರುಮಾಲು ಸರಿ ಮಾಡಿಕೊಂಡು ಎದ್ದು ಬ್ಯಾಟರಿ ಖೋಲಿಗೆ ಹೋದರು. ಮಾರನೆಯ ದಿನವೂ ಅಲ್ಲೇ ಕುಳಿತಿದ್ದರು. ಅದರ ಮಾರನೆಯ ದಿನ ನನ್ನ ಅಳಿಯ ಫೋನು ಮಾಡಿ, ಅಪ್ಪ ಯಾರ ಜೊತೆಗೂ ಮಾತಾಡುತ್ತಿಲ್ಲ, ಊಟವನ್ನೂ ಖೋಲಿಗೇ ತರಿಸಿಕೊಳ್ಳುತ್ತಾರೆ, ಈಕೆಯೂ ಅಳುತ್ತ ಕೂತಿದ್ದಾಳೆ, ನೀವು ಒಮ್ಮೆ ಬಂದು ಹೋದರೆ ಒಳ್ಳೆಯದು ಎಂದ.

ಅದೀಗ ನಗುವ ಮಾತಾಗಿರಲಿಲ್ಲ. ಸೊಸೆ ನಾಲ್ಕು ಮಂದಿಯ ಮುಂದೆ ಮಾವನಿಗೆ ಎದುರಾಡಿದಳು ಎಂಬುದು ನಮ್ಮ ಕಡೆ ಸಣ್ಣ ಸಂಗತಿಯಲ್ಲ. ದಾರಿಯುದ್ದಕ್ಕೂ ನನ್ನ ಹೆಂಡತಿ, ಮಗಳನ್ನು ಅಂಗಡಿಯಲ್ಲಿ ಕೂರಿಸಿ ಮಾತು ಕಲಿಸಿದವರು ನೀವೇ ಎಂದು ನನ್ನನ್ನು ಬೈದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬಸ್ಸಿನಿಂದಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರು ತುಳಿಯುತ್ತ, ಬೀಗರ ಮುಂದೆ ಏನು ಹೇಳಬೇಕು, ಹೇಗೆ ಕೈ ಮುಗಿಯಬೇಕು ಎಂದು ಒಳಗೊಳಗೇ ತಾಲೀಮು ಮಾಡಿಕೊಂಡೆ.

ಬೀಗರು ಖೋಲಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದರು. ನಾನು ಹೊಸ್ತಿಲಲ್ಲಿ ಕಾಲು ಒರೆಸಿಕೊಂಡು ಒಳಗೆ ಹೋಗಿ, ಹುಡುಗಿ ತಿಳಿಯದೆ ಮಾತಾಡಿದ್ದಾಳೆ, ದೊಡ್ಡ ಮನಸ್ಸು ಮಾಡಬೇಕು ಎಂದು ಶುರು ಮಾಡಿದೆ. ಅವರು ಅರ್ಧದಲ್ಲೇ ತಡೆದರು.

"ಆಕಿ ಹೇಳಿದ್ದು ಖರೆ ಐತ್ರಿ. ಅಂಗಡಿಯಾಂವಾ ಹೇಳಿದ್ದ. ಅಂವ ಹೇಳೂ ಮೊದಲ ನನಗೂ ಗೊತ್ತಿತ್ತು."

ಹಾಗಾದರೆ ಸಿಟ್ಟು ಯಾಕೆ ಎಂದೆ. ಸಿಟ್ಟಿಲ್ಲ ಎಂದರು. ಸಿಟ್ಟಿಲ್ಲದಿದ್ದರೆ ಮಾತು ಯಾಕಿಲ್ಲ ಎಂದೆ. ಅವರು ನೀರಿನ ಡಬ್ಬಿಯ ಮುಚ್ಚಳ ತಿರುವಿ ಬಿಗಿ ಮಾಡಿದರು, ಮತ್ತೆ ಸಡಿಲು ಮಾಡಿದರು. ಅಡಿಗೆ ಮನೆಯಿಂದ ಬೀಗತಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ನಮ್ಮ ಮನಿಯಾಕಿಗೆ ಕಿವಿ ಕೇಳಸವಲ್ವುರಿ. ನಾಕೈದು ವರ್ಷಾತು. ಬಾಜೂಕ ಕುಂತು ಸಾವಕಾಶ ಮಾತಾಡಿದ್ರ ಅಷ್ಟಿಷ್ಟು ತಿಳೀತೈತಿ. ಆ ಡಗ್ ಡಗ್ ಶುರುವಾತಂದ್ರ ಒಂದು ಮಾತೂ ತಿಳಿಯಂಗಿಲ್ಲ. ಕೇಳಸವಲ್ದು ಅಂತ ಆಕಿ ಹೇಳಂಗಿಲ್ರಿ. ಹೂಂ ಅಂತಾಳ, ನಗತಾಳ. ನಾ ಎತ್ತಿಗೆ ಜ್ವರಾ ಬಂದೈತಿ ಅಂದೆ, ಅದಕ್ಕೂ ನಕ್ಕಳು. ಮೋಡದ ದಿನ ಅದನ್ನ ಹಚ್ಚೂದ ಸಂಜೀಕ. ನಾವಿಬ್ಬರೂ ಕುಂತು ಮಾತಾಡೂದೂ ಸಂಜೀಕನ. ಹಂಗಾಗಿ ಅದು ಚಾಲೂನ ಆಗಬಾರದು ಅಂತ ಬ್ಯಾಟ್ರಿ ತಂದೆ, ಮತ್ತ ತಂದೆ. ಇದನ್ನ ಸೊಸಿ ಮುಂದ ಹೆಂಗ ಹೇಳಲ್ರಿ? ಆಕಿ ಅತ್ತಿ ಕಿವಿ ಸುದ್ದಿ ನಾ ನಾಕು ಮಂದ್ಯಾಗ ಹೆಂಗ ಆಡಲಿ?"

 ಬೀಗತಿ ಏನು ಹೇಳಿದರೂ ನಗುವ ಸಮಾಧಾನದ ಹೆಂಗಸು ಎಂದು ನಾವು ಎಷ್ಟು ಸಲ ಹೊಗಳಿದ್ದೆವೋ. ನನ್ನ ಹೆಂಡತಿ ಒಮ್ಮೆ, ಮೊಣಕಾಲು ನೋವು ಹೇಗಿದೆ ಎಂದು ಕೇಳಿದ್ದಕ್ಕೆ ಆಕೆ, ಎರಡೂ ಹೊತ್ತು ಕೂಡಿ ಆರು ಲೀಟರ್ ಕೊಡುತ್ತದೆ ಎಂದಿದ್ದರು. ಎಮ್ಮೆಯ ಮೇಲೆ ಎಷ್ಟು ಜೀವ ನೋಡು ಎಂದು ನಾವು ಮನೆಗೆ ಬಂದು ಮಾತಾಡಿಕೊಂಡಿದ್ದೆವು. ಒಂದೇ ಮನೆಯಲ್ಲಿದ್ದ ಮಗನಿಗೂ, ಸೊಸೆಗೂ ಅವ್ವನಿಗೆ ಲಕ್ಷ್ಯ ಕಡಿಮೆ ಎಂದಷ್ಟೇ ಅನಿಸಿತ್ತು. ಆ ಮನೆಯಲ್ಲಿ ಇದನ್ನು ಕಂಡುಹಿಡಿದವರು ಒಬ್ಬರೇ, ಅವರು ಯಾರಿಗೂ ಹೇಳದೆ ಬ್ಯಾಟರಿಯ ಮೇಲೆ ಬ್ಯಾಟರಿ ಪೇರಿಸಿದ್ದರು.

ನಾನು ತಲೆ ಎತ್ತಿದಾಗ ಬಾಗಿಲಲ್ಲಿ ಚಹಾ ಹಿಡಿದು ನನ್ನ ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಕಪ್ಪುಗಳನ್ನು ನಮ್ಮ ಮುಂದಿಟ್ಟು ಹೋದಳು. ಮಾವ ಹಿಂದಿನಿಂದ, ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದು ಹೇಳಿದರು. ಮೂರು ದಿನದ ಮೇಲೆ ಅವರು ಸೊಸೆಗೆ ಹೇಳಿದ ಮೊದಲ ಮಾತು ಅದು. ಆಕೆ ಸಕ್ಕರೆ ಡಬ್ಬಿಯನ್ನೇ ತಂದಿಟ್ಟಳು. ನನ್ನ ಹೆಂಡತಿ ಅಡಿಗೆ ಮನೆಯಲ್ಲಿ ನಿಟ್ಟುಸಿರು ಬಿಟ್ಟದ್ದು ನನಗೆ ಇಲ್ಲಿ ಕೇಳಿಸಿತು.

ಊಟವಾದ ಮೇಲೆ ಮಗಳು ತನ್ನ ಹಂಚಿಕೆ ಹೇಳಿದಳು. ಈ ಸಲ ಮೆಲ್ಲಗೆ, ಮಾವನ ಮುಂದೆ ನೆಲದ ಮೇಲೆ ಕುಳಿತು. ಜನರೇಟರನ್ನು ಸಂಜೆ ಯಾಕೆ ಹಚ್ಚಬೇಕು, ಬೆಳಿಗ್ಗೆ ಹಚ್ಚೋಣ ಎಂದಳು. ಬೆಳಿಗ್ಗೆ ಎಲ್ಲರೂ ಹೊಲದಲ್ಲಿರುತ್ತಾರೆ, ಕೂತು ಮಾತಾಡುವ ಹೊತ್ತಲ್ಲ. ಅದು ನಡೆದಿರುವಾಗಲೇ ನೀರೂ ಎತ್ತಬೇಕು, ಖಾರವೂ ಕುಟ್ಟಬೇಕು, ಬ್ಯಾಟರಿಯೂ ತುಂಬಬೇಕು. ಹೇಗೂ ಡೀಸೆಲ್ ಸುಡುತ್ತದೆ, ಪೂರ್ತಿ ದುಡಿಸಿಕೊಂಡು ಮಲಗಿಸಬೇಕು. ಮೋಡ ಎಷ್ಟು ದಿನವಿದ್ದರೂ ಬ್ಯಾಟರಿಯಲ್ಲಿ ಒಂದು ಸಂಜೆ, ಒಂದು ರಾತ್ರಿ, ಮೇಲೆ ಒಂದಿಷ್ಟು ಇದ್ದರೆ ಸಾಕು, ಮರುದಿನ ಬೆಳಿಗ್ಗೆ ಮತ್ತೆ ತುಂಬುತ್ತದಲ್ಲ. ಅವಳು ಇನ್ನೊಂದು ಮಾತು ಹೇಳಿದಳು. "ಸಂಜೀಕ ಅದರ ಸದ್ದು ಇರಂಗಿಲ್ರಿ ಮಾವಾರ. ಅದಕ್ಕ ನಾ ಜವಾಬ್ದಾರಿ."

ಬೀಗರು ಬಹಳ ಹೊತ್ತು ಮಾಳಿಗೆಯ ಜಂತಿ ಎಣಿಸಿದರು. ಇಷ್ಟು ವರ್ಷ ಎಷ್ಟು ಮೋಡದ ದಿನ ಎಂದು ಕೇಳಿಕೊಂಡವರು, ಈಗ ಒಂದು ಸಂಜೆ ಎಷ್ಟು ದೊಡ್ಡದು ಎಂದು ಕೇಳಿಕೊಳ್ಳಬೇಕಾಗಿತ್ತು. ನಾಲ್ಕು ದೀಪ, ಒಂದು ಫ್ಯಾನು, ಮಗನ ಟಿವಿ ಸ್ವಲ್ಪ ಹೊತ್ತು. ಬೆರಳು ಮಡಿಚಿ ಮಡಿಚಿ ನೋಡಿದರು. ಅದು ಬಹಳ ಸಣ್ಣದಿತ್ತು. ಆಗಲಿ ಎಂದರು.

ಆ ವಾರ ಅಳಿಯ ಜನರೇಟರನ್ನು ಅಂಗಳದಿಂದ ಕಿತ್ತು, ಹೊಲದ ಆ ತುದಿಗೆ, ಜೋಳದ ಕಣಕಿಯ ಬಣವೆಯ ಹಿಂದೆ ಒಯ್ದು ಕೂರಿಸಿದ. ಅಷ್ಟುದ್ದ ವಾಯರು ಎಳೆದ. ಸೊರಗಿದ ಬ್ಯಾಟರಿಗಳೆಲ್ಲ ಗುಜರಿಗೆ ಹೋದವು, ಚೊಲೋ ಇದ್ದವು ಉಳಿದವು, ಜೋಳದ ಚೀಲಗಳು ಖೋಲಿಗೆ ಮರಳಿದವು. ಬ್ಯಾಟರಿಗಳು ಟ್ರ್ಯಾಕ್ಟರು ಏರುವಾಗ ಬೀಗರು ಹೊಲದ ಕಡೆ ಮುಖ ಮಾಡಿ ನಿಂತಿದ್ದರಂತೆ. ಬಾಜೂ ಹೊಲದ ಮುದುಕರು ಈಗ ಮೋಡದ ದಿನ ಬೆಳಿಗ್ಗೆಯೇ ಧೋತರ ಉಟ್ಟು ಬರುತ್ತಾರೆ. ಉಪ್ಪಿಟ್ಟಿನಲ್ಲಿ ಕೆಲಸ ಮುಗಿಯುತ್ತದೆ.

ಮಗಳು ಅಷ್ಟಕ್ಕೇ ಬಿಡಲಿಲ್ಲ. ದೀಪಾವಳಿಯ ಸೀರೆ ಆರಿಸಲು ಎಂದು ಅತ್ತೆಯನ್ನು ಹುಬ್ಬಳ್ಳಿಗೆ ಹೊರಡಿಸಿದಳು. ಸೀರೆ ಅಂಗಡಿ ಇಟ್ಟುಕೊಂಡ ನಾನು ಇಲ್ಲಿರುವಾಗ ಹುಬ್ಬಳ್ಳಿಗೆ ಯಾಕೆ ಹೋಗಬೇಕು ಎಂದು ಆಕೆ ಕೇಳಲಿಲ್ಲ. ಬಹುಶಃ ಹುಬ್ಬಳ್ಳಿ ಎಂದದ್ದೂ ಕೇಳಿಸಿರಲಿಲ್ಲ. ಕಿವಿಯ ಡಾಕ್ಟರ ಮುಂದೆ ಕೂರಿಸಿದಾಗ ಬೀಗತಿ ಸ್ವಲ್ಪ ಹೊತ್ತು ಮುನಿಸಿಕೊಂಡು, ಆಮೇಲೆ ಸೊಸೆಯ ಕೈ ಹಿಡಿದುಕೊಂಡು ಕುಳಿತರಂತೆ. ಎರಡನೆಯ ಸಲ ಹೋದಾಗ ಶೇಂಗಾ ಬೀಜದಷ್ಟು ಸಣ್ಣ ಯಂತ್ರವೊಂದನ್ನು ಕಿವಿಗೆ ಕೂರಿಸಿ ಕಳಿಸಿದರು. ಅದರಲ್ಲೊಂದು ಬ್ಯಾಟರಿ. ಜೊತೆಗೆ ಹೋಗಿದ್ದ ಬೀಗರು ಅದನ್ನು ಅಂಗೈಯಲ್ಲಿಟ್ಟು ನೋಡಿ, ಇದು ಎಷ್ಟು ದಿನ ತಡೆಯುತ್ತದೆ, ಅರ್ಧಕ್ಕೆ ಬಂದದ್ದು ಹೇಗೆ ಗೊತ್ತಾಗುತ್ತದೆ, ಮೋಡಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ ಎಂದು ಡಾಕ್ಟರರನ್ನು ಕೇಳಿದರಂತೆ. ಮುಗಿದರೆ ಹೊಸದು ಹಾಕಿದರಾಯಿತು ಎಂದರಂತೆ ಡಾಕ್ಟರು. ಬೀಗರು ಅಂಗಿಯ ಎರಡೂ ಕಿಸೆ ತುಂಬುವಷ್ಟು ಬ್ಯಾಟರಿ ಕೊಂಡು ತಂದರು. ಈ ಸಲ ಯಾರೂ ಅಳತೆಯ ಮಾತು ಎತ್ತಲಿಲ್ಲ.

ದೀಪಾವಳಿ ಮುಗಿದ ಮೇಲೆ, ಆ ಯಂತ್ರ ಕೂರಿಸಿದ ಮರುದಿನವೇ, ನಾನು, ನನ್ನ ಹೆಂಡತಿ ಅವರ ಮನೆಗೆ ಹೋಗಿದ್ದೆವು. ಮೆಣಸಿನ ಗಿಡದ ಕಾಯಿ ಕೆಂಪಗಾಗುತ್ತಿದ್ದವು, ಕಡಲೆ ಮೊಳೆತಿತ್ತು. ಸಂಜೆ ಕಟ್ಟೆಯ ಮೇಲೆ ಬೀಗರು, ಬೀಗತಿ ಕುಳಿತಿದ್ದರು. ನಾನು ಅಲ್ಲೇ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದೆ. ಬೀಗರು ರೂಢಿಯಂತೆ ಹೆಂಡತಿಯ ಕಿವಿಯ ಹತ್ತಿರ ಬಾಗಿ, ಒಂದೊಂದೇ ಅಕ್ಷರ ಬಿಡಿಸಿ, ಇನ್ನು ಮುಚ್ಚಿಡುವುದೇನೂ ಇಲ್ಲವೆಂದು ಹಳ್ಳದ ಆಚೆ ದಂಡೆಗೂ ಮುಟ್ಟುವ ದನಿಯಲ್ಲಿ, ಕೆಳಗಿನ ಹೊಲದ ಮೆಣಸಿನಕಾಯಿ ಈ ಸಲ ಚೊಲೋ ಬಂದಿದೆ ಎಂದು ಹೇಳಿದರು.

ಬೀಗತಿ ನಗಲಿಲ್ಲ. ಹೂಂ ಎನ್ನಲಿಲ್ಲ. ಕುತ್ತಿಗೆ ಹಿಂದೆ ಸರಿಸಿ ಗಂಡನ ಮುಖವನ್ನೇ ನೋಡಿದರು.

"ಯಾಕ ಹಿಂಗ ಒದರಾಕತ್ತೀರಿ? ನಾ ಇಲ್ಲೇ ಬಾಜೂಕ ಕುಂತೇನಲ್ಲ."

 ಬೀಗರ ಕೈ ರುಮಾಲಿಗೆ ಹೋಯಿತು, ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಏನೋ ಹೇಳಿದರು. ಮೂರು ಮೊಳ ದೂರದಲ್ಲಿದ್ದ ನನಗೆ ಅದು ಕೇಳಿಸಲಿಲ್ಲ. ಬೀಗತಿಗೆ ಕೇಳಿಸಿತು.